ಮುಖ ಆಮೇಲೆ, ಮೊದಲು ತಲೆ ತೊಳೆಯಿರಿ

ಮೂವತ್ತು ದಾಟಿದ ಮೇಲೂ ಮೊಡವೆ. ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗೆಲ್ಲ ಜಿಡ್ಡು. ಬೆಳಿಗ್ಗೆ ಬಾಚಿದ ಕೂದಲು ಸಂಜೆಗೆ ನೆತ್ತಿಗೆ ಅಂಟಿಕೊಂಡಿರುತ್ತದೆ. ಹೀಗೆ ಹೇಳಿಕೊಂಡು ಬರುವ ಹೆಣ್ಣುಮಕ್ಕಳನ್ನು, ಈಗೀಗ ಹುಡುಗರನ್ನೂ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ತಲೆಗೆ ಯಾವಾಗ ನೀರು ಹಾಕಿಕೊಂಡೆ? ಆಗ ನನ್ನ ಮುಖವನ್ನೇ ನೋಡುತ್ತಾರೆ. "ದೊಡ್ಡಮ್ಮ, ಮೊಡವೆ ಇರೋದು ಮುಖದಲ್ಲಿ" ಅನ್ನುತ್ತಾರೆ. ಮುಖವನ್ನು ದಿನಕ್ಕೆ ಐದಾರು ಸಲ ತೊಳೆಯುತ್ತಾರೆ, ಚರ್ಮ ಕೆಂಪಗಾಗುವ ಹಾಗೆ ಉಜ್ಜುತ್ತಾರೆ. ತಲೆಗೆ ಮಾತ್ರ ವಾರಕ್ಕೊಂದೇ ಸ್ನಾನ. ಅದೂ ಹಿಂದಿನ ರಾತ್ರಿಯೇ ಕೊಬ್ಬರಿ ಎಣ್ಣೆ ಬಳಿದುಕೊಂಡು, ಅದೇ ತಲೆಯನ್ನು ದಿಂಬಿಗಿಟ್ಟು ಮಲಗಿ ಎದ್ದ ಮೇಲೆ. ಇದನ್ನು ನೋಡಿ ನೋಡಿ ಸಾಕಾಗಿದೆ.

ಚರ್ಮದ ಒಳಗೆ ಎಣ್ಣೆ ಒಸರುವ ಗ್ರಂಥಿಗಳಿವೆ. ಅವು ಹಣೆ, ಮೂಗು, ನೆತ್ತಿ, ಎದೆ, ಬೆನ್ನಿನಲ್ಲಿ ಜಾಸ್ತಿ. ಎಷ್ಟು ಒಸರಬೇಕು ಅನ್ನುವುದನ್ನು ಮೈಯೊಳಗಿನ ಹಾರ್ಮೋನು ಹೇಳುತ್ತದೆಯೇ ಹೊರತು ನಿಮ್ಮ ಸೋಪು ಹೇಳುವುದಿಲ್ಲ. ಆ ಎಣ್ಣೆ, ಸತ್ತ ಚರ್ಮದ ಪುಡಿ ಎರಡೂ ಸೇರಿ ರಂಧ್ರದ ಬಾಯಿ ಕಟ್ಟಿದರೆ ಮೊಡವೆ. ಹೊರಗಿನ ಎಣ್ಣೆಯೂ ಅದೇ ಕೆಲಸ ಮಾಡುತ್ತದೆ. ತಲೆಗೆ ಹಚ್ಚಿದ ಎಣ್ಣೆ ಕೂದಲಂಚಿನಲ್ಲೇ ನಿಲ್ಲುತ್ತದೆಯೇ? ಬೆವರಿನ ಜೊತೆ ಹಣೆಗೆ, ಕಪಾಳಕ್ಕೆ, ಕಿವಿ ಹಿಂದಕ್ಕೆ ಇಳಿಯುತ್ತದೆ. ಹಣೆಯಲ್ಲಿ, ಕೂದಲ ಗೆರೆಯ ಉದ್ದಕ್ಕೂ ಸಾಸಿವೆ ಗಾತ್ರದ ಗುಳ್ಳೆ ಸಾಲುಗಟ್ಟಿದ್ದರೆ ಅದು ಬಹುಪಾಲು ತಲೆ ಎಣ್ಣೆಯದೇ ಕಾರುಬಾರು.

ಎಣ್ಣೆನೀರು ಬಿಟ್ಟುಬಿಡಿ ಅನ್ನುತ್ತಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಳ್ಳದೆ ನಾನು ಹಬ್ಬ ಮಾಡಿದ್ದೇ ಇಲ್ಲ. ಆದರೆ ನಮ್ಮಮ್ಮ ಹಚ್ಚಿದ ಎಣ್ಣೆಯನ್ನು ಅವತ್ತೇ, ಆ ಹೊತ್ತಿಗೇ, ಬಚ್ಚಲಲ್ಲಿ ಕೂರಿಸಿ ಪೂರ್ತಿ ಇಳಿಸುತ್ತಿದ್ದರು. ಹಂಡೆ ನೀರು ಮುಗಿಯುವ ತನಕ ಬಿಡುತ್ತಿರಲಿಲ್ಲ. ನೀವು ಹಚ್ಚುವುದನ್ನು ಮಾತ್ರ ಕಲಿತಿದ್ದೀರಿ, ಇಳಿಸುವುದನ್ನು ಕಲಿಯಲಿಲ್ಲ. ನೆತ್ತಿಯೇ ಜಿಡ್ಡಾಗಿದ್ದು, ಹೊಟ್ಟೂ ಇದ್ದರಂತೂ ಎಣ್ಣೆ ಬೇಡವೇ ಬೇಡ. ಹೊಟ್ಟು ಮಾಡುವ ಸೂಕ್ಷ್ಮ ಶಿಲೀಂಧ್ರ ಬದುಕುವುದೇ ಆ ಜಿಡ್ಡು ತಿಂದು. ಒಣಗಿ ಹೊಟ್ಟಾಗಿದೆ ಅಂತ ಎಣ್ಣೆ ಹಾಕುವುದು ಅದಕ್ಕೆ ಊಟ ಬಡಿಸಿದಂತೆ.

ಈಗ ಸೀಗೆಪುಡಿಯ ವಿಷಯ. ಇದರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವವಳಲ್ಲ.

"ಸೀಗೆಪುಡಿ ನಮಗೆ ಆಗಿಬರಲ್ಲ, ತಲೆಯೆಲ್ಲ ಪುಡಿ ಪುಡಿ, ತುರಿಕೆ" ಅಂತ ಎಷ್ಟು ಜನ ಹೇಳುತ್ತಾರೋ. ಹೇಗೆ ಹಾಕಿಕೊಂಡೆ ಅಂತ ಕೇಳಿ. ಅಂಗಡಿಯ ಪೊಟ್ಟಣ ಬಿಚ್ಚಿ, ಮಗ್ಗಿನಲ್ಲಿ ತಣ್ಣೀರು ಹಾಕಿ ಬೆರಳಲ್ಲಿ ಕಲಸಿ, ಹಾಗೇ ತಲೆಗೆ ಮೆತ್ತಿಕೊಂಡಿರುತ್ತಾರೆ. ಪುಡಿ ನೆತ್ತಿಯಲ್ಲಿ ಕೂರದೆ ಇನ್ನೇನಾಗುತ್ತದೆ? ಸೀಗೆಯನ್ನು ನೆನೆಸಬೇಕು, ಸೋಸಬೇಕು. ಸೋಸಿದ ನೀರಷ್ಟೇ ತಲೆಗೆ.

ಮೊದಲಿಂದ ಹೇಳುತ್ತೇನೆ. ಸೀಗೆಕಾಯಿಯನ್ನು ಬಿಸಿಲಿಗೆ ಹಾಕಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು, ಮುರಿದರೆ ಟಕ್ ಅಂತ ಮುರಿಯಬೇಕು. ಬಾಗಿದರೆ ಇನ್ನೂ ಬಿಸಿಲು ಬೇಕು. ಬೀಜ ತೆಗೆದುಬಿಡಿ, ನಮ್ಮನೆಯಲ್ಲಿ ತೆಗೆಯುವುದೇ ರೂಢಿ. ಅದಕ್ಕೆ ಒಂದೆರಡು ಹಿಡಿ ಹೆಸರುಕಾಳು, ಅದಕ್ಕಿಂತ ಕಡಿಮೆ ಮೆಂತ್ಯ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ. ಚಿಗರೆಪುಡಿ, ಅಂದರೆ ಚಿಗರೆ ಮರದ ಎಲೆ ಒಣಗಿಸಿ ಮಾಡಿದ ಪುಡಿ, ಸಿಕ್ಕರೆ ಅದೂ ಇರಲಿ, ಜಿಡ್ಡು ತೆಗೆಯುವುದರಲ್ಲಿ ಅದು ಗಟ್ಟಿ. ಜಿಡ್ಡು ಕೂದಲಿನವರು ಮೆಂತ್ಯ ಜಾಸ್ತಿ ಹಾಕಬೇಡಿ, ಲೋಳೆ ಉಳಿದು ಕೂದಲು ಮತ್ತೆ ಭಾರವಾಗುತ್ತದೆ. ಮಿಲ್ಲಿಗೆ ಹೋದಾಗ ಸೀಗೆಗೆಂದೇ ಬೇರೆ ಇಟ್ಟಿರುವ ಯಂತ್ರದಲ್ಲೇ ಬೀಸಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಘಾಟಿಗೆ ಸೀನು ಹತ್ತಿದರೆ ಮನೆ ಮುಟ್ಟುವ ತನಕ ನಿಲ್ಲುವುದಿಲ್ಲ. ಮನೆಗೆ ತಂದ ಮೇಲೆ ಹರಡಿ, ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ, ಬೂಷ್ಟು ಬರುತ್ತದೆ.

ಸ್ನಾನದ ದಿನ ಅನ್ನ ಬಸಿದ ಗಂಜಿ ತಿಳಿ ತೆಗೆದಿಡಿ. ಕುಕ್ಕರ್ ಅನ್ನದವರು ಒಂದು ಹಿಡಿ ಅಕ್ಕಿಯನ್ನು ಜಾಸ್ತಿ ನೀರಲ್ಲಿ ಬೇಯಿಸಿ ಬಸಿದುಕೊಳ್ಳಿ, ಅಷ್ಟು ಮಾಡುವುದಕ್ಕೂ ಬೇಸರವಾದರೆ ಬಿಸಿನೀರು. ಗಂಜಿ ಕೈಗೆ ತಡೆಯುವಷ್ಟು ಬಿಸಿಯಿರುವಾಗ ಪುಡಿ ಹಾಕಬೇಕು. ಕುದಿಯುವಾಗ ಹಾಕಿದರೆ ಗಂಟು, ತಣ್ಣಗಾದ ಮೇಲೆ ಹಾಕಿದರೆ ನೊರೆಯಿಲ್ಲ. ಕೂದಲು ಎಷ್ಟಿದೆ ನೋಡಿಕೊಂಡು ಒಂದು ಹಿಡಿಯೋ ಎರಡು ಹಿಡಿಯೋ. ಕಲಸಿ ಮುಚ್ಚಿಡಿ. ತಿಂಡಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಮೇಲೆ ಸಣ್ಣ ನೊರೆ ಎದ್ದಿರುತ್ತದೆ. ಈಗ ಹಳೆಯ ಪಂಚೆಯ ತುಂಡು ತೆಗೆದುಕೊಳ್ಳಿ. ಒಗೆದು ಒಗೆದು ತೆಳ್ಳಗಾದದ್ದೇ ಆಗಬೇಕು, ಹೊಸ ಬಟ್ಟೆಯಲ್ಲಿ ಇಳಿಯುವುದಿಲ್ಲ, ಟೀ ಜರಡಿಯಲ್ಲಿ ಪುಡಿ ನಿಲ್ಲುವುದಿಲ್ಲ. ಪಾತ್ರೆಯ ಬಾಯಿಗೆ ಬಟ್ಟೆ ಹಾಸಿ ಸುರಿದು, ನಾಲ್ಕೂ ಮೂಲೆ ಸೇರಿಸಿ ಗಂಟು ಮಾಡಿ, ತಿರುಚಿ ತಿರುಚಿ ಹಿಂಡಿ. ಆಮೇಲೆ ಬಟ್ಟೆ ಜಾಲಿಸಿ ಇನ್ನೊಂದು ಸಲ ಸೋಸಿ. ಎರಡನೇ ಸಲ ಯಾಕೆ ಅಂತ ಕೇಳಬೇಡಿ. ಮೊದಲ ಸಲ ಸೋಸಿದ ನೀರನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಮರಳಿನ ಹಾಗೆ ತರಿತರಿ ಸಿಗುತ್ತದೆ. ಎರಡನೇ ಸಲಕ್ಕೆ ಅದು ಇರುವುದಿಲ್ಲ. ನಿಮ್ಮ ತಲೆ ತುರಿಸುವುದಕ್ಕೆ ಆ ತರಿಯೇ ಕಾರಣ.

ಸೋಸಿ ಉಳಿದ ಗಸಿಯನ್ನು ಎಸೆಯಬೇಡಿ. ದೇವರ ದೀಪದ ಕಂಬ ನಿಮ್ಮನೆಗಳಲ್ಲಿ ಹೇಗಿರುತ್ತದೆ ಅಂತ ನೋಡಿದ್ದೇನೆ. ಬತ್ತಿಯ ಕೆಳಗೆ ಕರಿ ಎಣ್ಣೆ ಮೇಣದ ಹಾಗೆ ಕಟ್ಟಿಕೊಂಡಿರುತ್ತದೆ, ವರ್ಷಕ್ಕೊಂದು ಸಲ ಹಬ್ಬ ಬಂದಾಗ ಚಾಕುವಿನಲ್ಲಿ ಕೆರೆಯುತ್ತೀರಿ. ಈ ಗಸಿ ಮೆತ್ತಿ ಸ್ವಲ್ಪ ಬಿಟ್ಟು ನಾರಿನಲ್ಲಿ ತಿಕ್ಕಿ, ಎಣ್ಣೆ ಬಿಟ್ಟುಕೊಳ್ಳುತ್ತದೆ. ಹೊಳಪಿಗೆ ಆಮೇಲೆ ಹುಣಸೆಹಣ್ಣು. ಶುಕ್ರವಾರಕ್ಕೊಂದು ಸಲ ಮಾಡಿದರೆ ಹಬ್ಬದ ದಿನ ಒದ್ದಾಡಬೇಕಾಗಿಲ್ಲ.

ತಲೆಗೆ ಬರೋಣ. ಉಗುರುಬೆಚ್ಚಗಿನ ನೀರಲ್ಲಿ ಕೂದಲು ಪೂರ್ತಿ ನೆನೆಸಿ, ನಾಲ್ಕು ಭಾಗ ಮಾಡಿ, ಚೊಂಬಿನಿಂದ ಸೀಗೆನೀರನ್ನು ಬೈತಲೆಗೆ ಸ್ವಲ್ಪ ಸ್ವಲ್ಪವೇ ಬಿಡಿ. ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಹಿಂದಕ್ಕೆ ವಾಲಿಸಿ. ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಬೆರಳ ತುದಿಯ ಮಾಂಸದಲ್ಲಿ ಉಜ್ಜಿ, ಉಗುರಿನಲ್ಲಿ ಕೆರೆಯಬೇಡಿ. ಕಿವಿಯ ಹಿಂದೆ, ಹಿಂದಲೆಯ ಕುಳಿಯಲ್ಲಿ ಇನ್ನೂ ಸ್ವಲ್ಪ ಉಜ್ಜಿ, ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ. ತೊಳೆದು, ಇನ್ನೊಂದು ಸಲ ಹಾಕಿ, ಮತ್ತೆ ತೊಳೆಯಿರಿ. ಬೈತಲೆಯ ಮೇಲೆ ಬೆರಳು ಎಳೆದು ನೋಡಿ. ಬೆರಳು ಜಾರಿದರೆ ಜಿಡ್ಡು ಇನ್ನೂ ಇದೆ, ತಡೆದು ತಡೆದು ಹೋದರೆ ಸಾಕು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬಾರದೆ ಬಿಳಿ ಗಸಿಯಾಗಿ ಕೂದಲಿಗೇ ಅಂಟುತ್ತದೆ, ಸೀಗೆಗೆ ಗಡಸು ನೀರಿನ ಆ ಕಾಟವಿಲ್ಲ.

ದಿನಾ ಇಷ್ಟೆಲ್ಲ ಆಗುವುದಿಲ್ಲ, ಗೊತ್ತು. ವಾರಕ್ಕೊಂದು ದಿನ ಸೀಗೆ ಇರಲಿ, ಉಳಿದ ದಿನ ಮೃದುವಾದ ಶಾಂಪೂ. ಜಿಡ್ಡು ನೆತ್ತಿಯವರು ದಿನ ಬಿಟ್ಟು ದಿನ, ಬೇಕಾದರೆ ದಿನವೂ ತೊಳೆಯಬಹುದು. ತೊಳೆದರೆ ಕೂದಲು ಉದುರುತ್ತದೆ ಅಂತ ಹೆದರಿ ವಾರಗಟ್ಟಲೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಚ್ಚಲಲ್ಲಿ ಕಾಣುವ ಕೂದಲು ಮೊದಲೇ ಬುಡ ಬಿಟ್ಟಿದ್ದವು. ಶಾಂಪೂವನ್ನು ಚೊಂಬಿನ ನೀರಲ್ಲಿ ಕದಡಿ ನೆತ್ತಿಗೆ ಮಾತ್ರ ಹಾಕಿ. ಕಂಡೀಷನರ್ ತುದಿಗೆ ಮಾತ್ರ. ಹೊಟ್ಟು ಜಾಸ್ತಿಯಿದ್ದರೆ ಡಾಕ್ಟರ್ ಕೀಟೋಕೊನಜೋಲ್ ಶಾಂಪೂ ಬರೆಯುತ್ತಾರೆ. ಅದನ್ನು ಹಚ್ಚಿದ ಕೂಡಲೇ ತೊಳೆದರೆ ದುಡ್ಡು ದಂಡ. ಮೂರರಿಂದ ಐದು ನಿಮಿಷ ನೆತ್ತಿಯಲ್ಲೇ ಬಿಡಬೇಕು.

ಸ್ನಾನಕ್ಕೂ ಒಂದು ಕ್ರಮ ಇದೆ. ಮೊದಲು ತಲೆ. ಕೂದಲು ಎತ್ತಿ ಕಟ್ಟಿ, ಆಮೇಲೆ ಬೆನ್ನು. ಎಲ್ಲಕ್ಕಿಂತ ಕೊನೆಗೆ ಮುಖ. ತಲೆಯಿಂದ ಇಳಿದ ಎಣ್ಣೆ, ಕಂಡೀಷನರ್ ಎಲ್ಲ ಹಣೆಯಲ್ಲೂ ಬೆನ್ನಲ್ಲೂ ಕೂತಿರುತ್ತದೆ. ಮುಖ ಮೊದಲು ತೊಳೆದು ತಲೆ ಆಮೇಲೆ ತೊಳೆಯುವವರು ಅದನ್ನೆಲ್ಲ ಮುಖಕ್ಕೆ ಹಚ್ಚಿಕೊಂಡೇ ಹೊರಗೆ ಬರುತ್ತಾರೆ. ದಿಂಬಿನ ಕವರ್ ವಾರಕ್ಕೆರಡು ಸಲ ಬದಲಾಯಿಸಿ, ಬಾಚಣಿಗೆಯ ಹಲ್ಲಿನ ಸಂದಿಯನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ. ಸ್ಕೂಟರ್ ಓಡಿಸುವವರು ಹೆಲ್ಮೆಟ್ ಒಳಗೆ ಹತ್ತಿ ಬಟ್ಟೆ ಕಟ್ಟಿಕೊಂಡು ಅದನ್ನು ದಿನಾ ಒಗೆಯಿರಿ.

ಮುಖಕ್ಕೆ ನಾನು ಹೇಳುವುದು ಕಡಿಮೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಬೆವರಿದ್ದರೆ ಇನ್ನೊಂದು ಸಲ. ಬಟ್ಟೆ ಸೋಪು, ಮೈ ಸೋಪು ಎರಡೂ ಬೇಡ, ಜಿಡ್ಡು ಚರ್ಮಕ್ಕೆಂದೇ ಬರುವ ಮೃದುವಾದ ಫೇಸ್‌ವಾಶ್ ಸಾಕು. ತೊಳೆದ ಮೇಲೆ ಮುಖ ಬಿಗಿಯಾಗಿ ಚುರುಗುಟ್ಟಿದರೆ ಅತಿಯಾಯಿತು ಅಂತ ಅರ್ಥ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಹಾಕಲೇಬೇಕು ಅಂದರೆ ವಾರಕ್ಕೊಂದು ಸಲ, ತೆಳ್ಳಗೆ. ಒಣಗಿ ಬಿರುಕು ಬಿಡುವ ಮೊದಲೇ ನೀರು ಹಾಕಿ ಬಿಡಿಸಿ. ಕೀವು ತುಂಬಿದ ಮೊಡವೆಯ ಮೇಲೆ ಹಿಟ್ಟು ಉಜ್ಜಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕರಿ ಕಲೆ ಬೀಳುತ್ತದೆ. ಅಡುಗೆ ಸೋಡಾ, ಟೂತ್‌ಪೇಸ್ಟ್ ಇವೆಲ್ಲ ಯಾರು ಹೇಳಿಕೊಟ್ಟರೋ! ಹಿಸುಕುವುದಂತೂ ಬೇಡವೇ ಬೇಡ. ಮೊಡವೆ ಹೋದರೂ ಕುಳಿ ಉಳಿಯುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ "ಕಲೆ ಹೋಗೋ ಕ್ರೀಮ್ ಕೊಡಿ" ಅಂತ ಕೇಳಿ ತರುತ್ತೀರಲ್ಲ, ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಒಂದು ವಾರ ಮುಖ ಹೊಳೆಯುತ್ತದೆ, ಎಲ್ಲರೂ ಹೊಗಳುತ್ತಾರೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊದಲಿಗಿಂತ ಜಾಸ್ತಿ ಮೊಡವೆ ಏಳುತ್ತದೆ. ಪಕ್ಕದ ಮನೆಯ ಹುಡುಗಿ ಮದುವೆಗೆ ಮುಂಚೆ ಹೀಗೇ ಹಚ್ಚಿಕೊಂಡು, ಆರತಕ್ಷತೆಯ ದಿನ ಅಳುತ್ತಾ ಕೂತಿದ್ದಳು. ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮನ್ನು ಡಾಕ್ಟರ್ ಚೀಟಿಯಿಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಕೇಳಿದವರಿಗೆಲ್ಲ ಕೈಗೆ ಬರುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸಿ, ಅವರು ಹೇಳಿದ ಹಾಗೆ ಬಿಡಿ.

ಊಟದ ವಿಷಯಕ್ಕೆ ಎಲ್ಲರೂ ಬೋಂಡಾ ಬಜ್ಜಿಯನ್ನು ಬೈಯುತ್ತಾರೆ. ತಿಂದ ಎಣ್ಣೆ ನೇರವಾಗಿ ಮುಖದಲ್ಲಿ ಒಸರುವುದಿಲ್ಲ. ಸಕ್ಕರೆ, ಮೈದಾ, ಸಿಹಿ ಪಾನೀಯ ಕಡಿಮೆ ಮಾಡಿದರೆ ಹಲವರಿಗೆ ಗುಣ ಕಾಣುತ್ತದೆ. ಜಿಮ್‌ಗೆ ಹೋಗುವ ಹುಡುಗರು ಹಾಲಿನಿಂದ ಮಾಡಿದ ಪ್ರೋಟೀನ್ ಪುಡಿ ಶುರು ಮಾಡಿದ ಮೇಲೆ ಬೆನ್ನಿನಲ್ಲಿ ಗುಳ್ಳೆ ಎದ್ದಿತೇ ಅಂತ ಯೋಚಿಸಿ ನೋಡಿ.

ತಲೆ ಸರಿಯಾಗಿ ತೊಳೆದರೂ ಹೋಗದ ಮೊಡವೆಯೂ ಇದೆ. ಗದ್ದ, ದವಡೆಯ ಅಂಚಿನಲ್ಲಿ ಆಳಕ್ಕಿಳಿದ ನೋವಿನ ಗಂಟು, ಪ್ರತಿ ತಿಂಗಳು ಮುಟ್ಟಿಗೆ ಮುಂಚೆ ಏಳುವುದು. ಅದು ಒಳಗಿನ ಹಾರ್ಮೋನಿನದು. ಅದರ ಜೊತೆಗೆ ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ, ಗದ್ದದಲ್ಲಿ ಕೂದಲು ಬರುತ್ತಿದ್ದರೆ ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇದೆಯೇ ಅಂತ ನೋಡಿಸಿ. "ಮದುವೆ ಆದರೆ ಸರಿಹೋಗುತ್ತೆ" ಅಂತ ಸುಮ್ನೆ ಕೂರಿಸುವ ಅಮ್ಮಂದಿರಿಗೂ ಈ ಮಾತು. ಡಾಕ್ಟರ್ ಕೊಟ್ಟ ಔಷಧಿ ಎರಡು ವಾರಕ್ಕೆ ಕೆಲಸ ಮಾಡಲಿಲ್ಲ ಅಂತ ಬಿಡಬೇಡಿ. 8ರಿಂದ 12 ವಾರ ಬೇಕು. ಮೊಡವೆಗೆ ಹಚ್ಚುವ ಬೆಂಜಾಯ್ಲ್ ಪೆರಾಕ್ಸೈಡ್ ಬರೆದಿದ್ದರೆ ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ, ಬಣ್ಣದ ಬಟ್ಟೆಯೆಲ್ಲ ಅಲ್ಲಲ್ಲಿ ಬೆಳ್ಳಗಾಗಿಬಿಡುತ್ತದೆ. ಮೊಡವೆ ತೀರಾ ಜಾಸ್ತಿಯಾದಾಗ ಕೊಡುವ ಐಸೋಟ್ರೆಟಿನೋಯಿನ್ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ದೊಡ್ಡ ತೊಂದರೆ ಮಾಡುತ್ತದೆ. ಮಗು ಬೇಕೆಂದಿದ್ದರೆ ಚೀಟಿ ಬರೆಯುವ ಮೊದಲೇ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಗೆಳತಿಗೆ ಕೊಟ್ಟ ಮಾತ್ರೆಯನ್ನು ಕೇಳಿ ತಂದು ನುಂಗಬೇಡಿ.