ತಾಮ್ರದ ತಗಡಿನಿಂದ ಇಳಿದ ಪಿಕಳಾರ: ನನ್ನ ಅನುಭವ

ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಅಚ್ಚಿನ ಮೇಲೆ ನೀರುಬಣ್ಣ ಹಚ್ಚಿದರೆ ಕಾಗದ ಕುಡಿದುಬಿಡುತ್ತದೆ, ಹಕ್ಕಿ ಕೆಸರಿಗೆ ಬಿದ್ದ ಹಾಗೆ ಕಾಣುತ್ತದೆ ಅಂತ ಮೈಸೂರಿನ ನನ್ನ ಗೆಳೆಯರೆಲ್ಲ ಹೇಳಿದ್ದರು. ಸುಳ್ಳಲ್ಲ. ಮೊದಲ 15 ಪ್ರತಿ ಹಾಗೇ ಆದವು.

ನಮ್ಮ ಬೀದಿ ಕೊನೆಯ ಹಾಲವಾಣ ಎಲೆ ಉದುರಿಸಿ ಹೂ ಬಿಟ್ಟಾಗ ಕೆಮ್ಮೀಸೆ ಪಿಕಳಾರಗಳು ಬರುತ್ತವೆ. ನನ್ನ ಚಿತ್ರ ಅದೇ: ಎರಡು ಹಕ್ಕಿ, ಒಂದು ಕೊಂಬೆ. ತಗಡಿಗೆ 900 ರೂಪಾಯಿ, ಹತ್ತಿ ಕಾಗದ ಹಾಳೆಗೆ 250, ಪ್ರೆಸ್ ಬಾಡಿಗೆ ದಿನಕ್ಕೆ 500. ಒಂದೂ ಮಾರದೆ ಹದಿನಾಲ್ಕು ಸಾವಿರದಷ್ಟು ಹೋಯಿತು. ಹದಿನೆಂಟನೇ ಶತಮಾನದಲ್ಲಿ ಅಮೆರಿಕದ ಹಕ್ಕಿಗಳ ಚಿತ್ರ ಬರೆದ ಇಂಗ್ಲಿಷಿನವ ಮಾರ್ಕ್ ಕೇಟ್ಸ್‌ಬಿ ಕೂಡ ದುಡ್ಡಿಲ್ಲದೆ ತಾನೇ ತಾಮ್ರ ಕೊರೆಯಲು ಕಲಿತವನು ಅಂತ ಸಮಾಧಾನ ಮಾಡಿಕೊಂಡೆ. ಮನೆಯಲ್ಲಿ ಅದು ನಡೆಯಲಿಲ್ಲ.

ತಪ್ಪು ಎರಡು ಕಡೆ ಇತ್ತು. ಶಾಯಿ ಒಣಗಲು ಮೂರೇ ದಿನ ಬಿಡುತ್ತಿದ್ದೆ. ಈಗ ಮೂರು ವಾರ ಹಗ್ಗಕ್ಕೆ ನೇತುಹಾಕುತ್ತೇನೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕಪ್ಪು ಶಾಯಿಗೆ ಕಂದು ಬೆರೆಸಿದೆ. ಬರೀ ಕಪ್ಪಾದರೆ ಹಕ್ಕಿ ಪಂಜರದಲ್ಲಿ ಕೂತಂತೆ ಕಾಣುತ್ತದೆ. ಇನ್ನೊಂದು ತಪ್ಪು ಕಾಗದದ್ದು. ಅದು ಬಣ್ಣ ಕುಡಿಯದ ಹಾಗೆ, ಅಚ್ಚು ಒಣಗಿದ ಮೇಲೆ ಜೆಲಾಟಿನ್ ನೀರು ಕುಡಿಸಬೇಕು. ಲೀಟರಿಗೆ ಸುಮಾರು 25 ಗ್ರಾಂ, ಪಟಿಕ ಅದರ ಹತ್ತನೇ ಒಂದು ಪಾಲು. ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಯಿಂದ ತಂದ ಪಟಿಕವನ್ನು ಒಮ್ಮೆ ಅಂದಾಜಿನಲ್ಲಿ ಸುರಿದೆ. ಎಂಟು ಹಾಳೆ ಹಪ್ಪಳ! ನೀರಿಗೆ ಇನ್ನೊಂದು ಪದಾರ್ಥವೂ ಬೀಳುತ್ತದೆ, ಅದು ನನ್ನಲ್ಲೇ ಇರಲಿ. "ಮೂಳೆ ಅಂಟು ಅಲ್ವೇನೋ ಅದು, ನನ್ನ ಒಲೆ ಮುಟ್ಟಿಸಬೇಡ" ಅಂದರು ಅಮ್ಮ. ಈಗ ಹಿತ್ತಲಲ್ಲಿ ಕಾಯಿಸುತ್ತೇನೆ.

ಬಣ್ಣ ಹಚ್ಚುವಾಗ ಒಂದು ಹಕ್ಕಿಯನ್ನು ಪೂರ್ತಿ ಮುಗಿಸಲು ಹೋಗಬೇಡಿ. 20 ಪ್ರತಿ ಹರಡಿಕೊಂಡು ಎಲ್ಲಕ್ಕೂ ಮೊದಲು ಬೆನ್ನಿನ ತೆಳು ಕಂದು, ಆಮೇಲೆ ಹೂವಿನ ಕೆಂಪು. ಕೆನ್ನೆಯ ಬಿಳಿ ಕಾಗದದ್ದೇ. ಕಣ್ಣಿನ ಹಿಂದಿನ ಕೆಂಪು ಚುಕ್ಕೆ ಒಂದೇ ಸಲ, ಉಸಿರು ಬಿಗಿಹಿಡಿದು. ಎರಡನೇ ಸಲ ತಾಗಿಸಿದರೆ ಹಕ್ಕಿಗೆ ಗಾಯವಾದಂತೆ ಕಾಣುತ್ತದೆ. ಕೊನೆಗೆ ಜುಟ್ಟಿನ ಕಪ್ಪಿನ ಮೇಲೆ ಗೋಂದಿನ ನೀರು ಸವರಿದೆ. ಹೊಳಪು ಬಂತು ನೋಡಿ, ಬೆಳಕಿಗೆ ಓರೆ ಹಿಡಿದರೆ ಗರಿ ನೆನೆದ ಹಾಗಿತ್ತು!

ನಡುವೆ ಅರಿಶಿನದಲ್ಲೂ ಕೈಯಾಡಿಸಿದೆ. ಕಿಟಕಿ ಬಿಸಿಲಿಗೆ ಎರಡೇ ವಾರದಲ್ಲಿ ಮಾಯ. ಮೈಸೂರು ಚಿತ್ರ ಬರೆಯುವ ಪಕ್ಕದ ಮನೆಯವರು ಮಕ್ಕಿ ಕೊಟ್ಟರು, ಮರದ ಅಂಟಿನಿಂದ ಬರುವ ಹಳದಿ ಅದು. ಅದೇ ಹಳದಿಗೆ ಪ್ರಷ್ಯನ್ ನೀಲಿ ಸೇರಿಸಿದರೆ ಗಿಡದ ಚಿತ್ರ ಬರೆಯುವವರ ಹಳೇ ಹೂಕರ್ ಹಸಿರು. ಇನ್ನೊಂದು ಚಿತ್ರದಲ್ಲಿ ಮಡಿವಾಳ ಹಕ್ಕಿ ಕೂತ ಸಂಪಿಗೆ ಎಲೆಗೆ ಅದನ್ನೇ ಹಚ್ಚಿದೆ, ಚೆನ್ನಾಗಿ ಕೂತಿತು. ಕುಂಚದ ತುದಿ ಬಾಯಿಗಿಡುವ ಚಾಳಿ ಇದ್ದವರು ಹುಷಾರು, ಮಕ್ಕಿ ಹೊಟ್ಟೆಗೆ ಹೋದರೆ ಭೇದಿ ಗ್ಯಾರಂಟಿ.

"ಕಾಗದ ಕುಡಿಯುತ್ತೆ" ಅಂದಿದ್ದ ಗೆಳೆಯ ಹೋದ ವಾರ ಬಂದ. ಬೆರಳಿಗೆ ಎಂಜಲು ಹಚ್ಚಿ ಹೂವಿನ ಮೇಲೆ ಉಜ್ಜಿಯೇ ಬಿಟ್ಟ. ಬಣ್ಣ ಎದ್ದಿತು, ಗೆರೆ ಅಲ್ಲಾಡಲಿಲ್ಲ. ಆ ಪ್ರತಿಯ 1,800 ರೂಪಾಯಿ ಅವನಿಂದಲೇ ವಸೂಲು ಮಾಡಿದೆ.