ಇಂಗ್ಲಿಷ್ ಪದಗಳು ತಲೆಯಲ್ಲಿ ನಿಲ್ಲತೊಡಗಿದ್ದು ಹೀಗೆ

ಬ್ಯಾಂಕ್ ಪರೀಕ್ಷೆಗೆ ಓದುವಾಗ ದಿನಕ್ಕೆ 30 ಪದ ಬಾಯಿಪಾಠ ಮಾಡುತ್ತಿದ್ದೆ. ವಾರ ಕಳೆದರೆ ನಾಲ್ಕೈದೂ ನೆನಪಿರುತ್ತಿರಲಿಲ್ಲ. ಅಣಕು ಪರೀಕ್ಷೆಯಲ್ಲಿ ಬೆನೆವೊಲೆಂಟ್, ಮ್ಯಾಲೆವೊಲೆಂಟ್ ಎರಡನ್ನೂ ಅದಲುಬದಲು ಬರೆದ ದಿನ ತುಂಬಾ ಬೇಜಾರಾಯಿತು.

ಆಮೇಲೆ ಪಟ್ಟಿ ಬಿಟ್ಟು ಬೇರು ಹಿಡಿದೆ. ಲ್ಯಾಟಿನ್‌ನಲ್ಲಿ ಬೆನೆ ಅಂದರೆ ಒಳ್ಳೆಯದಾಗಿ, ಮಾಲೆ ಅಂದರೆ ಕೆಟ್ಟದಾಗಿ. ವೊಲೆಂಟ್ ಭಾಗಕ್ಕೆ ಬಯಸುವ ಎಂಬ ಅರ್ಥ. ಅಲ್ಲಿಗೆ ಒಂದು ಒಳಿತು ಬಯಸುವುದು, ಇನ್ನೊಂದು ಕೇಡು ಬಯಸುವುದು. ಬೆನಿಫಿಟ್, ಮ್ಯಾಲ್‌ಪ್ರಾಕ್ಟೀಸ್ ಕೂಡ ಇದೇ ಮನೆಯವು! ಲೊಕ್ವಿ ಅಂದರೆ ಮಾತಾಡು ಎಂದು ತಿಳಿದ ಮೇಲೆ ಎಲೊಕ್ವೆಂಟ್, ಲೊಕ್ವೇಷಸ್ ಎರಡೂ ಒಟ್ಟಿಗೆ ಬಂದವು. ಒಬ್ಬ ಮಾತುಗಾರ, ಇನ್ನೊಬ್ಬ ವಾಚಾಳಿ. ಕನ್ನಡದಲ್ಲೇ ಇಷ್ಟು ಚೆನ್ನಾದ ಜೋಡಿ ಇರುವಾಗ ಇಂಗ್ಲಿಷ್ ಅರ್ಥವನ್ನು ಸುಮ್ನೆ ಉರು ಹೊಡೆಯುವುದು ಯಾಕೆ, ಅಲ್ವಾ?

ಬೇರು ನನಗೆ ಗೊತ್ತಿಲ್ಲದ ಪದಕ್ಕೆ ಮನೆಯವರನ್ನೇ ನೆನೆಯುತ್ತೇನೆ. ಟ್ಯಾಸಿಟರ್ನ್ ಅಂದರೆ ನಮ್ಮ ದೊಡ್ಡಪ್ಪ. ಊಟಕ್ಕೆ ಕೂತರೆ ‘ಹೂಂ’ ಬಿಟ್ಟು ಬೇರೆ ಮಾತಿಲ್ಲ. ಆ ಪದವನ್ನು ಮತ್ತೆ ಮರೆತೇ ಇಲ್ಲ.

ಇನ್ನು ಮರುಓದು. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿ ಪದ್ಧತಿ ಇದು. ಮೂರು ಸಿಹಿತಿಂಡಿ ಡಬ್ಬಿ ತೆಗೆದುಕೊಂಡೆ. ಚೀಟಿಯ ಒಂದು ಕಡೆ ಪದ, ಹಿಂದೆ ಕನ್ನಡ ಅರ್ಥ ಮತ್ತು ನನ್ನದೇ ಒಂದು ವಾಕ್ಯ. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಹಿಂದಿನ ಅರ್ಥ ನೋಡುವ ಮೊದಲು ಬಾಯಿಬಿಟ್ಟು ಹೇಳಲೇಬೇಕು.

ಈಗ ದಿನಕ್ಕೆ ಎಂಟೇ ಹೊಸ ಪದ. ಮೂರನೇ ಡಬ್ಬಿ ತುಂಬುತ್ತಾ ಬಂದಿದೆ.