ಗಸ್ತಿನವರ ಅರ್ಧ ಪುಟ, ಪತ್ತೇದಾರರ ಫೈಲಿನ ರಾಶಿ

ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಮೊದಲ ಒಂಬತ್ತು ವರ್ಷ ನಾನು ಗಸ್ತಿನಲ್ಲೇ ಇದ್ದೆ. ಆಮೇಲೆ ಆರು ವರ್ಷ ಪತ್ತೇದಾರಿ ವಿಭಾಗ. ಹಾಗಾಗಿ ಎರಡೂ ಕಡೆಯ ಬೈಗುಳ ನನಗೆ ಬಾಯಿಪಾಠ. ಗಸ್ತಿನಲ್ಲಿದ್ದಾಗ "ಅವರಿಗೇನು, ಮಫ್ತಿ ಹಾಕ್ಕೊಂಡು ಫ್ಯಾನ್ ಕೆಳಗೆ ಕೂತಿರ್ತಾರೆ" ಅಂತ ಹೇಳಿದವನು ನಾನೇ. ತನಿಖೆಗೆ ಹೋಗಿ ಮೂರು ತಿಂಗಳು ಆಗಿರಲಿಲ್ಲ, "ಗಸ್ತಿನವರು ಅರ್ಧ ಪುಟ ಗೀಚಿ ಕೈ ತೊಳ್ಕೊಳ್ತಾರೆ" ಅಂದವನೂ ನಾನೇ.

ಆಮೇಲೆ ಒಂದು ಠಾಣೆಯಲ್ಲಿ ಎರಡೂ ತಂಡಗಳ ಉಸ್ತುವಾರಿ ನನ್ನ ತಲೆಗೆ ಬಂತು. ಎರಡನೇ ವಾರದಲ್ಲೇ ಜಗಳ ನನ್ನ ಮೇಜಿನ ಮುಂದೆ ಬಂದು ನಿಂತಿತು.

ಒಂದು ಮನೆಗಳ್ಳತನದ ಕೇಸು. ರಾತ್ರಿ ಪಾಳಿಯ ಗಸ್ತಿನವರು ಮೊದಲು ಹೋಗಿದ್ದರು. "ನೆರೆಹೊರೆಯವರನ್ನು ವಿಚಾರಿಸಲಾಯಿತು, ಮಾಹಿತಿ ಇಲ್ಲ" ಅಂತ ವರದಿ ಬರೆದಿದ್ದರು. ಫೈಲು ಪತ್ತೇದಾರರ ಕೈಗೆ ಬಂದು, ಅವರು ಆ ಬೀದಿಗೆ ಹೋಗುವಷ್ಟರಲ್ಲಿ ಒಂಬತ್ತು ದಿನ ಆಗಿತ್ತು. ಎದುರು ಮನೆಯ ಕ್ಯಾಮೆರಾ ಒಂದು ವಾರದ ದೃಶ್ಯ ಮಾತ್ರ ಇಟ್ಟುಕೊಳ್ಳುತ್ತಿತ್ತು. ಹಳೆಯದರ ಮೇಲೆ ಹೊಸದು ಬರೆದುಹೋಗಿತ್ತು. ಆ ಮನೆಯವರು ಹೇಳಿದ್ದು ಇನ್ನೂ ಉರಿಯುವಂಥದ್ದು: "ನಮ್ಮನ್ನ ಯಾರೂ ಕೇಳಲೇ ಇಲ್ವಲ್ಲ."

ಪತ್ತೇದಾರರು ಕೂಗಾಡಿದರು. ಗಸ್ತಿನವರು ಮೊದಲು ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಹೇಳಿದರು: "ಸರ್, ಕಂಟ್ರೋಲ್ ರೂಮಿನ ಲಾಗ್ ತೆಗೆದು ನೋಡಿ."

ನೋಡಿದೆ. ಆ ಮನೆಯಲ್ಲಿ ಅವರು ಇದ್ದದ್ದು ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ವೈರ್‌ಲೆಸ್ ಮೂರು ಸಲ ಕರೆದಿತ್ತು. ಮೂರನೆಯದು ಹೊಡೆದಾಟ. ಅವರು ಓಡಿದ್ದು ತಪ್ಪು ಅಂತ ಯಾರು ಹೇಳುತ್ತಾರೆ? ವಿಚಾರಿಸದೇ "ವಿಚಾರಿಸಲಾಯಿತು" ಅಂತ ಬರೆದದ್ದು ತಪ್ಪು, ಅದನ್ನು ಹೇಳಿದೆ. ಇನ್ನೊಂದು ಕಡೆ ಪತ್ತೇದಾರರ ಮೇಜಿನ ಮೇಲೆ ನಲವತ್ತಕ್ಕೂ ಜಾಸ್ತಿ ತೆರೆದ ಫೈಲುಗಳಿದ್ದವು. ಆ ಒಂಬತ್ತು ದಿನದಲ್ಲಿ ಮೂರು ದಿನ ಕೋರ್ಟಿನಲ್ಲೇ ಹೋಗಿತ್ತು.

ಆವತ್ತು ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇಬ್ಬರಿಗೂ ಹೊರೆ ಇದೆ, ಆದರೆ ಅದು ಕೂತಿರುವ ಜಾಗ ಬೇರೆ. ಗಸ್ತಿನವರ ಕೆಲಸ ಪಾಳಿ ಮುಗಿದರೆ ಮುಗಿಯಿತು, ಆದರೆ ಪಾಳಿಯೊಳಗೆ ಒಂದು ನಿಮಿಷವೂ ಅವರ ಕೈಯಲ್ಲಿರುವುದಿಲ್ಲ. ಪತ್ತೇದಾರರು ತಮ್ಮ ದಿನವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಳ್ಳಬಹುದು, ಆದರೆ ಅವರ ಕೆಲಸ ಎಂದೂ ಮುಗಿಯುವುದಿಲ್ಲ. ರಜೆಯಲ್ಲೂ ಫೈಲು ತಲೆಯಲ್ಲಿ ಕೂತಿರುತ್ತದೆ. ಒಬ್ಬರಿಗೆ ಇನ್ನೊಬ್ಬರ ಆರಾಮ ಮಾತ್ರ ಕಾಣುತ್ತದೆ.

ಮೊದಲು ನಾನು ಮಾಡಿದ್ದು ಶುದ್ಧ ದಡ್ಡತನ. ಗಸ್ತಿನವರು ಏನನ್ನೂ ಬಿಡಬಾರದು ಅಂತ ಮೂರು ಪುಟದ ನಮೂನೆ ಮಾಡಿಸಿದೆ. ತುಂಬ ಹೆಮ್ಮೆಯೂ ಇತ್ತು. ಒಂದು ತಿಂಗಳಲ್ಲಿ ಎಲ್ಲ ಖಾನೆಯಲ್ಲೂ "ಅನ್ವಯಿಸುವುದಿಲ್ಲ" ಅಂತ ತುಂಬಿ ಬರತೊಡಗಿತು. ಸರಿಯೇ, ಪತ್ತೇದಾರರ ಹೊರೆ ತೆಗೆದು ಗಸ್ತಿನವರ ಹೆಗಲಿಗೆ ಹಾಕಿದ್ದೆ ಅಷ್ಟೆ.

ಆಮೇಲೆ ಉಲ್ಟಾ ಕಡೆಯಿಂದ ಶುರು ಮಾಡಿದೆ. ಪತ್ತೆಯಾದ ಹಳೆಯ ಕೇಸುಗಳ ಫೈಲು ತೆಗೆದು, ಕೇಸು ಬಿಚ್ಚಿಕೊಂಡದ್ದು ಎಲ್ಲಿಂದ ಅಂತ ಹುಡುಕಿದೆ. ಇಬ್ಬರು ಪತ್ತೇದಾರರು, ಇಬ್ಬರು ಗಸ್ತಿನವರನ್ನೂ ಜೊತೆಗೆ ಕೂರಿಸಿಕೊಂಡೆ. ಎರಡು ವಾರ ಹಿಡಿಯಿತು. ಬಹುಪಾಲು ಫೈಲಿನಲ್ಲಿ ಎಳೆ ಸಿಕ್ಕಿದ್ದು ಮೊದಲ ಪುಟದಲ್ಲೇ. ದೂರುದಾರರು ಹೇಳಿದ ಒಂದು ಹೆಸರು, ಯಾರೋ ಕಂಡ ಗಾಡಿ ನಂಬರಿನ ಅರ್ಧ ಭಾಗ, ಕದ್ದ ವಸ್ತುವಿನ ಸೀರಿಯಲ್ ನಂಬರ್. ಆರು ವರ್ಷ ತನಿಖೆ ಮಾಡಿದ ನನಗೆ ಇದು ಸ್ವಲ್ಪ ಮುಖಭಂಗವೇ.

ಇದೇನು ಹೊಸ ಸಂಗತಿ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಗಾಗಿ ಪೀಟರ್ ಗ್ರೀನ್‌ವುಡ್ ಮತ್ತು ಜೋನ್ ಪೀಟರ್ಸಿಲಿಯಾ 1975ರಲ್ಲೇ ಇದನ್ನು ಬರೆದಿದ್ದರು. ಕೇಸು ಪತ್ತೆಯಾಗುತ್ತದೋ ಇಲ್ಲವೋ ಅನ್ನುವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು, ಮೊದಲು ಹೋದ ಗಸ್ತು ಪೊಲೀಸರಿಗೆ ನೊಂದವರು ಕೊಟ್ಟ ಮಾಹಿತಿ ಅಂತ. ಪತ್ತೇದಾರರ ಸಮಯ ಬಹಳಷ್ಟು ವರದಿ ಓದುವುದರಲ್ಲಿ, ಕಾಗದ ಜೋಡಿಸುವುದರಲ್ಲಿ, ಪತ್ತೆಯಾಗುವ ಲಕ್ಷಣವೇ ಇಲ್ಲದ ಕೇಸುಗಳಲ್ಲಿ ಹೋಗುತ್ತದೆ ಅಂತಲೂ ಹೇಳಿದ್ದರು. ನಮ್ಮ ಪತ್ತೇದಾರರಿಗೆ ಇದನ್ನು ಓದಿ ಹೇಳಿದೆ. ಯಾರಿಗೂ ಖುಷಿಯಾಗಲಿಲ್ಲ.

ಮೂರು ಪುಟದ ನಮೂನೆ ಹೋಗಿ ಅರ್ಧ ಪುಟ ಬಂತು. ಕಂಡವರು ಇದ್ದಾರಾ, ಯಾರ ಮೇಲಾದರೂ ಅನುಮಾನ ಇದೆಯಾ, ಗಾಡಿ ಇತ್ತಾ, ಗುರುತು ಹಿಡಿಯಬಹುದಾದ ವಸ್ತು ಹೋಗಿದೆಯಾ, ಬೆರಳಚ್ಚು ಸಿಗುವಂಥ ಜಾಗ ಇದೆಯಾ, ಸುತ್ತ ಕ್ಯಾಮೆರಾ ಇದ್ದರೆ ಎಷ್ಟು ದಿನದ ದೃಶ್ಯ ಉಳಿಯುತ್ತದೆ. ಕೊನೆಗೆ ಒಂದು ಸಾಲು ಸೇರಿಸಿದೆ, ನನಗೆ ಅದೇ ಮುಖ್ಯ: "ಸಮಯ ಸಾಲದೆ ಬಿಟ್ಟದ್ದು ಏನು?" ಮಾಡದ್ದನ್ನು ಮಾಡಿಲ್ಲ ಅಂತ ಬರೆದರೆ ಯಾರೂ ಬೈಯುವುದಿಲ್ಲ ಅಂತ ಮಾತು ಕೊಟ್ಟೆ. "ಎದುರು ಮನೆ ಕೇಳಿಲ್ಲ" ಅಂತ ಇದ್ದರೆ ಮಾರನೇ ದಿನವೇ ಪತ್ತೇದಾರರು ಅಲ್ಲಿಗೇ ನೇರ ಹೋಗಬಹುದಲ್ವಾ.

ಎಲ್ಲ ಪ್ರಶ್ನೆಗೂ "ಇಲ್ಲ" ಅಂತ ಬಂದರೆ ಆ ಕೇಸು ಪತ್ತೇದಾರರ ಮೇಜಿಗೆ ಹೋಗುವುದಿಲ್ಲ. ಕೊಲೆ, ಲೈಂಗಿಕ ಅಪರಾಧ, ಮಕ್ಕಳ ವಿಷಯ, ಇವಕ್ಕೆ ಈ ಜರಡಿ ಇಲ್ಲ. ಹೀಗೆ ನಿಂತ ಕೇಸುಗಳ ದೂರುದಾರರಿಗೆ ಫೋನ್ ಮಾಡಿ ಈಗ ಹಿಡಿಯಲು ಎಳೆ ಇಲ್ಲ, ಹೊಸ ಸುಳಿವು ಬಂದರೆ ಮತ್ತೆ ತೆರೆಯುತ್ತೇವೆ ಅಂತ ನೇರವಾಗಿ ಹೇಳಬೇಕು. ಈ ಫೋನ್ ಯಾರಿಗೂ ಬೇಡದ ಕೆಲಸ. ಮೊದಲ ಎರಡು ತಿಂಗಳು ನಾನೇ ಮಾಡಿದೆ. ಬೈಸಿಕೊಂಡೆ. ತಿಂಗಳುಗಟ್ಟಲೆ ಠಾಣೆಗೆ ಅಲೆಸುವುದಕ್ಕಿಂತ ಇದು ವಾಸಿ ಅಂತ ಈಗಲೂ ಅಂದುಕೊಂಡಿದ್ದೇನೆ.

ಫೈಲಿನ ರಾಶಿ ಇಳಿಯಿತು. ಆದರೆ ಗಸ್ತಿನವರಿಗೆ ಸ್ಥಳದಲ್ಲಿ ಹದಿನೈದು ಇಪ್ಪತ್ತು ನಿಮಿಷ ಜಾಸ್ತಿ ಬೇಕಾಯಿತು. ಆ ಹೊತ್ತು ಅವರನ್ನು ಬೇರೆ ಕರೆಗೆ ಎಳೆಯಬಾರದು, ತುರ್ತು ಇದ್ದರೆ ಮಾತ್ರ ಕರೆಯಬೇಕು ಅಂತ ಕಂಟ್ರೋಲ್ ರೂಮಿನವರ ಹತ್ತಿರ ಕೇಳಿದೆ. "ಹಾಗಾದ್ರೆ ರಸ್ತೆಯಲ್ಲಿ ಗಾಡಿ ಕಾಣೋದು ಕಡಿಮೆ ಆಗುತ್ತಲ್ಲ ಸರ್" ಅಂದರು. ನಾನು ಅಮೆರಿಕದ ಕಾನ್ಸಾಸ್ ಸಿಟಿಯ ಪ್ರಯೋಗದ ಮಾತು ತೆಗೆದೆ. 1972–73ರಲ್ಲಿ ಅಲ್ಲಿ 15 ಬೀಟುಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಗುಂಪು ಮಾಡಿದ್ದರು. ಒಂದರಲ್ಲಿ ಮಾಮೂಲಿ ಗಸ್ತು, ಒಂದರಲ್ಲಿ ಎರಡು ಮೂರು ಪಟ್ಟು ಗಸ್ತು, ಒಂದರಲ್ಲಿ ಕರೆ ಬಂದರೆ ಮಾತ್ರ ಹೋಗುವುದು. ವರ್ಷದ ಕೊನೆಗೆ ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಸ್ತೇ ದಂಡ ಅಂತ ಇದರ ಅರ್ಥ ಅಲ್ಲ. ಅಪರಾಧ ಹೆಚ್ಚಿರುವ ಪುಟ್ಟ ಜಾಗಗಳಲ್ಲೇ ಗಸ್ತು ಬಿಗಿ ಮಾಡಿದರೆ ಫಲ ಇದೆ ಅಂತ 1988–89ರ ಮಿನಿಯಾಪೊಲಿಸ್ ಪ್ರಯೋಗ ತೋರಿಸಿತು. ನಾನು ಕೇಳಿದ್ದು ಇಷ್ಟೇ: ಸುಮ್ನೆ ಸುತ್ತುವ ಹೊತ್ತಿನಲ್ಲಿ ಸ್ವಲ್ಪವನ್ನು ಆ ಎದುರು ಮನೆಯ ಬಾಗಿಲಿಗೆ ಕೊಡಿ. ಮೂರು ತಿಂಗಳ ಮಟ್ಟಿಗೆ ಅಂತ ಒಪ್ಪಿದರು. ಆಮೇಲೆ ಯಾರೂ ನಿಲ್ಲಿಸಲಿಲ್ಲ.

ಇಷ್ಟಾದರೂ ಮುನಿಸು ಹೋಗಿರಲಿಲ್ಲ. ಅದು ಸ್ವಲ್ಪ ಕರಗಿದ್ದು ಖರ್ಚಿಲ್ಲದ ಒಂದು ಕೆಲಸದಿಂದ. ಗಸ್ತಿನವರು ಬರೆದು ಕೊಟ್ಟ ಕೇಸು ಮುಂದೆ ಏನಾಯಿತು ಅಂತ ಅವರಿಗೆ ಯಾರೂ ಹೇಳುತ್ತಿರಲಿಲ್ಲ. ನನ್ನ ಒಂಬತ್ತು ವರ್ಷದಲ್ಲಿ ನನಗೂ ಯಾರೂ ಹೇಳಿರಲಿಲ್ಲ. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ. ವಾರಕ್ಕೆ ಎರಡು ಸಲ ಪಾಳಿಯ ಹಾಜರಿ ಹೊತ್ತಿಗೆ ಪತ್ತೇದಾರರೊಬ್ಬರು ಬಂದು ಐದು ನಿಮಿಷ ಮಾತಾಡಬೇಕು ಅಂತ ಮಾಡಿದೆ. ಒಂದು ಸಲ ಅವರು ಬಂದು, "ಸ್ಕೂಟರಿನ ಎಡಗನ್ನಡಿ ಬೇರೆ ಬಣ್ಣದ್ದು ಅಂತ ಬರೆದವರು ಯಾರು?" ಅಂತ ಕೇಳಿದರು. ಹಿಂದಿನ ಸಾಲಿನಲ್ಲಿದ್ದ ಹೊಸ ಹುಡುಗ ಹೆದರಿಕೊಂಡೇ ಕೈ ಎತ್ತಿದ. "ಅದರಿಂದಲೇ ಸಿಕ್ಕಿದ ಕಣಪ್ಪಾ" ಅಂದರು. ಆಮೇಲೆ ಆ ಹುಡುಗನ ವರದಿ ಎಷ್ಟು ಉದ್ದ ಆಯಿತೆಂದರೆ, ಕಡಿಮೆ ಬರಿ ಮಾರಾಯ ಅಂತ ನಾನೇ ಹೇಳಬೇಕಾಯಿತು.

ಬಗೆಹರಿಯದೇ ಉಳಿದದ್ದು ಬೆಳಗಿನ ಜಾವದ ಬಂಧನ. ಪಾಳಿ ಮುಗಿಯಲು ಒಂದು ಗಂಟೆ ಇರುವಾಗ ಯಾರೋ ಸಿಕ್ಕಿಬೀಳುತ್ತಾರೆ. ಹಿಡಿದ ಕ್ಷಣದಿಂದ ಕಾನೂನಿನ ಗಡಿಯಾರ ಓಡುತ್ತದೆ. ಕಾಗದ ಯಾರು ಮಾಡಬೇಕು? ಗಸ್ತಿನವರು ರಾತ್ರಿಯಿಡೀ ನಿದ್ದೆಗೆಟ್ಟಿರುತ್ತಾರೆ, ಪತ್ತೇದಾರರಿಗೆ ಬೆಳಗ್ಗೆ ಕೋರ್ಟು ಇರುತ್ತದೆ. ರಾತ್ರಿಗೆ ಒಬ್ಬ ಪತ್ತೇದಾರರು ಸರದಿಯಲ್ಲಿ ಇರಲಿ ಅಂತ ಪಟ್ಟಿ ಹಾಕಿದೆ. ಮೊದಮೊದಲು ನಡೆಯಿತು. ಆಮೇಲೆ ಒಬ್ಬರಿಗೆ ವರ್ಗ, ಇನ್ನೊಬ್ಬರಿಗೆ ಕಾಯಿಲೆ. ದೊಡ್ಡ ಸಭೆ, ಮೆರವಣಿಗೆ ಇದ್ದರಂತೂ ಪತ್ತೇದಾರರನ್ನೂ ಸಮವಸ್ತ್ರ ಹಾಕಿಸಿ ಬಂದೋಬಸ್ತಿಗೆ ಕಳಿಸುತ್ತಾರೆ.

ಮೊನ್ನೆ ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬಂತು. ಆ ಕನ್ನಡಿಯ ಹುಡುಗ.

"ಸರ್, ಒಬ್ಬ ಸಿಕ್ಕಿದ್ದಾನೆ. ಕ್ಯಾಮೆರಾ ಕಾಪಿನೂ ತಗೊಂಡಿದ್ದೀನಿ. ಪತ್ತೇದಾರರಲ್ಲಿ ಯಾರನ್ನ ಎಬ್ಬಿಸಲಿ?"

ಪಟ್ಟಿ ತೆಗೆದು ನೋಡಿದೆ. ಆ ರಾತ್ರಿಯ ಸಾಲು ಖಾಲಿ ಇತ್ತು. ಅಂಗಿ ಹಾಕಿಕೊಂಡು ನಾನೇ ಹೊರಟೆ.